ಜರ್ಮನಿಯೊಳಗಿನ ತೊರವಿ

ಅಕ್ಕನ ವಿಡಿಯೋ ಕಾಲ್ ಬಂದೊಡನೆ ಗೌತಮ ಫ್ಯಾನ್ ಆರಿಸಿ, ಸ್ವೆಟರ್ ತೊಟ್ಟು, ಬಿಳಿ ಗೋಡೆಗೆ ಬೆನ್ನು ಕೊಟ್ಟು ಕುಳಿತ. ಕಿಟಕಿಯಾಚೆ ತೊರವಿಯ ಏಪ್ರಿಲ್ ಬಿಸಿಲು. ಈಚೆ ಜರ್ಮನಿ.

ನಾಲ್ಕು ತಿಂಗಳ ಹಿಂದೆ ಹುಟ್ಟೂರು ಕಾಖಂಡಕಿಯ ಜನ ಅವನಿಗೆ ಶಾಲು ಹೊದಿಸಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದರು. ನರ್ಸಿಂಗ್ ಓದಿದ ಹುಡುಗ, ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ. ಬೆಂಗಳೂರಿನಲ್ಲಿ ಕೊನೆಯ ಭಾಷಾ ಪರೀಕ್ಷೆಯೊಂದು ಬಾಕಿಯಿತ್ತು, ಅಷ್ಟೇ. ಅದರಲ್ಲಿ ನಪಾಸಾದ. ಶಾಲು ಹೊದ್ದು ಹೋದವನು ಯಾವ ಮುಖ ಹೊತ್ತು ಊರಿನ ಬಸ್ಸು ಹತ್ತಬೇಕು? ವಿಜಯಪುರದಲ್ಲಿ ರೈಲಿಳಿದವನು ಪಕ್ಕದ ತೊರವಿಯಲ್ಲೊಂದು ಕೋಣೆ ಹಿಡಿದ. ಪರದೇಶಕ್ಕೆಂದು ಕಟ್ಟಿದ ರೊಟ್ಟಿಯನ್ನು ಅಲ್ಲೇ ಕುಳಿತು ಮುರಿದು ತಿಂದ.

"ಬೆವರಾಕತ್ತೀಯಲ್ಲೋ," ಅಂದಳು ಅಕ್ಕ ಸುಮಂಗಲಾ.

"ಇಲ್ಲಿ ಮನ್ಯಾಗ ಹೀಟರ್ ಹಚ್ಚಿರ್ತಾರವಾ."

ಅವಳ ಭುಜದಾಚೆಯಿಂದ ಧೂಳಪ್ಪ ಕಾಕಾ ಮುಖ ತೂರಿಸಿದ. "ಲೇ ಗೌತಮ್ಯಾ, ಆ ಭಾಷಾ ಒಂದೀಟ ಮಾತಾಡಲೇ. ಓಣಿ ಮಂದಿ ಎಲ್ಲಾ ಬಂದ್ ಕುಂತಾರ."

ತಡವರಿಸದೆ ಬರುತ್ತಿದ್ದದ್ದು ಒಂದೇ ಪಾಠ: ಎಲ್ಲಿದ್ದೀಯ, ಎಷ್ಟು ದಿನದಿಂದ ಇದ್ದೀಯ. ಬರ್ಲಿನ್ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಯಾರಿಗೂ ತಿಳಿಯದ ಭಾಷೆಯಲ್ಲಾದರೂ ಒಮ್ಮೆ ನಿಜ ಹೇಳಬೇಕೆನಿಸಿತು.

"ಇಶ್ ವೋನೆ ಜೈಟ್ ಫಿಯರ್ ಮೊನಾಟನ್ ಇನ್ ತೊರವಿ," ಎಂದ. ನಾಲ್ಕು ತಿಂಗಳಿಂದ ತೊರವಿಯಲ್ಲಿ ಇದ್ದೇನೆ. ಪರೀಕ್ಷೆಯ ದಿನ ಮರಗಟ್ಟಿದ್ದ ನಾಲಿಗೆ ಈಗ ನೀರಿನಂತೆ ಹರಿಯಿತು.

ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೆಚ್ಚುಗೆಯ ಮೌನ, ಅಂದುಕೊಂಡ ಗೌತಮ. ಮೌನಗಳ ವಿಷಯದಲ್ಲಿ ಅವನು ತನ್ನನ್ನು ದೊಡ್ಡ ಪಂಡಿತನೆಂದೇ ತಿಳಿದಿದ್ದ.

"ಚಲೋ ಬರ್ತೈತಿ ನಿನಗ," ಅಂದಳು ಅಕ್ಕ, ಕೊನೆಗೆ.

ಫೋನಿಟ್ಟು ಸ್ವೆಟರ್ ಕಳಚಿದ. ಇಡೀ ಓಣಿಯೆದುರು ನಿಜ ನುಡಿದೂ ಸಿಕ್ಕಿಬೀಳದ ಜಾಣ ಜಿಲ್ಲೆಯಲ್ಲಿ ಬೇರೆ ಯಾರಿದ್ದಾರು ಎಂದು ಬೀಗಿದ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮರುದಿನ ಮುಂಜಾನೆ ಬಸ್ ನಿಲ್ದಾಣದ ಬಳಿಯ ಚಹದಂಗಡಿಗೆ ಹೋದರೆ, ಬೆಂಚಿನ ಮೇಲೆ ಧೂಳಪ್ಪ ಕಾಕಾ ಕುಳಿತಿದ್ದ. ತೊರವಿಗೆ ಜರ್ಮನ್ ಭಾಷೆಯಲ್ಲೂ ತೊರವಿಯೆಂದೇ ಅನ್ನಬೇಕು ಎಂಬುದು ಪದವೀಧರನಿಗೆ ಆಗ ಹೊಳೆಯಿತು. ಇನ್ನು ಬೈಗುಳ ಬೀಳುತ್ತದೆಂದು ತಲೆ ಬಗ್ಗಿಸಿ ನಿಂತ.

ಕಾಕಾ ಪರಸ್ಥಳದವನನ್ನು ನೋಡುವಂತೆ ನೋಡಿ, ಬೆಂಚಿನಲ್ಲಿ ಜಾಗ ಬಿಟ್ಟ. "ಕುಂಡ್ರರಿ. ಇದ ಊರಾಗ ಇರ್ತೀರೇನ್ರಿ?"

ಹುಟ್ಟಿದಾಗಿನಿಂದ ತನಗೆ 'ಲೇ' ಅಂದ ಬಾಯಿ ಅದು. ಗೌತಮ ಹೂಂಗುಟ್ಟಿದ.

"ನಮ್ಮ ಹುಡುಗ ಒಬ್ಬ ಜರ್ಮನಿಗೆ ಹೋಗ್ಯಾನ್ರಿ. ನಿಮ್ಮಂಗ ಅದಾನ ನೋಡ್ರಿ. ಹಿಂಗ ಸೊರಗ್ಯಾನ."

ಗೌತಮ ಎರಡು ಚಹ ಹೇಳಿದ. ಇಬ್ಬರೂ ಚಹ ಕುಡಿದರು. ವಿಜಯಪುರದ ಬಸ್ಸು ಬಂತು. ಕಾಕಾ ಎದ್ದು, ಧೋತರ ಕೊಡವಿಕೊಂಡು ಬಸ್ಸಿನ ಮೆಟ್ಟಿಲ ಮೇಲೊಂದು ಕಾಲಿಟ್ಟು ತಿರುಗಿದ.

"ಅಮಾಸಿಗೆ ಸೂಟಿ ಮ್ಯಾಲ ಬರ್ತಾನ ಅಂತ ಊರಾಗ ಹೇಳಿ ಬಂದೇನ್ರಿ."