ಭಾನುವಾರ ಹತ್ತು ಗಂಟೆಗೆ ಕೀಳುವ ಪ್ಲಗ್ಗು

"ಇವತ್ತೊಂದಿನ ಬಿಟ್ಬಿಡು ಚಿಕ್ಕಮ್ಮ, ನಿನ್ನ ದಮ್ಮಯ್ಯ!" ಎಂದು ಕನ್ನಡಕದಂಗಡಿಯವನು ಪಿಸುಗುಟ್ಟಿದ. ಚಿಕ್ಕಮ್ಮನ ಕೈ ಆಗಲೇ ಗೋಡೆಯ ಪ್ಲಗ್ಗಿನ ಮೇಲಿತ್ತು. ಬೆಳಗಿನ ಹತ್ತಕ್ಕೆ ಇನ್ನೆರಡು ನಿಮಿಷ ಬಾಕಿ.

ಅದು ಅಗ್ನಿಶಾಮಕ ಠಾಣೆಯ ಗೋಪುರದ ತುದಿಯ ಕೋಣೆ. ಹವ್ಯಾಸಿ ರೇಡಿಯೊ ಸಂಘದ ರಿಪೀಟರ್ ಇರುವುದು ಅಲ್ಲೇ. ಅಂಗೈಯಗಲದ ಸೆಟ್ಟಿನ ಬಡಪಾಯಿ ದನಿಯನ್ನು ಕೇಳಿಸಿಕೊಂಡು ಮೂವತ್ತು ಮೈಲಿ ಆಚೆಗೆ ಎತ್ತಿ ಎಸೆಯುವ ಪೆಟ್ಟಿಗೆ ಅದು. ಹೋದ ವರ್ಷ ಬಿರುಗಾಳಿಗೆ ಫೋನುಗಳೆಲ್ಲ ಸತ್ತು ಮಲಗಿದಾಗ ಊರಿಗೆ ಉಳಿದಿದ್ದ ಬಾಯಿ ಇದೊಂದೇ. ಈ ಕೋಣೆ ಸಂಘಕ್ಕೇ ಇರಲೋ, ಗಂಟುಮೂಟೆ ಕಟ್ಟಿಸಲೋ ಎಂದು ತೀರ್ಮಾನಿಸಲು ಠಾಣೆಯ ಹೊಸ ಅಧಿಕಾರಿ ನೂರಾ ಹನ್ನೆರಡು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಕುಳಿತಿದ್ದರು. ಸಂಘದ ಕಾರ್ಯದರ್ಶಿ ನಮ್ಮ ಕನ್ನಡಕದಂಗಡಿಯವನೇ. ಇಷ್ಟು ಎತ್ತರದ ಜಾಗ ಊರಲ್ಲಿ ಇನ್ನೊಂದಿಲ್ಲ. ಇದು ಕೈತಪ್ಪಿದರೆ ಏಳು ವರ್ಷದ ಪಾಡೆಲ್ಲ ನೀರುಪಾಲು.

"ಕರೆಂಟ್ ಹೋದ್ರೆ ಏನ್ಮಾಡ್ತೀರಿ?" ಎಂದು ಅಧಿಕಾರಿ ಕೇಳಿದರು.

"ಬ್ಯಾಟರಿ ಇದೆ ಸಾರ್. ಮೀಟರ್ ನೋಡಿ, ಹದಿಮೂರೂವರೆ ವೋಲ್ಟು, ಫುಲ್ಲು! ಸಂಜೆವರೆಗೂ ಆರಾಮಾಗಿ ಓಡುತ್ತೆ."

ಅಧಿಕಾರಿ ತಲೆಯಾಡಿಸಿ ಕಾಗದ ಬಿಡಿಸಿದರು, ಪೆನ್ನಿನ ಮುಚ್ಚಳ ತೆಗೆದರು. ಇನ್ನೇನು ಸಹಿ ಬೀಳಬೇಕು. ಆಗ ಚಿಕ್ಕಮ್ಮ ಬಾಯಿ ಬಿಟ್ಟಳು.

"ಅದು ಚಾರ್ಜರ್ ಹೇಳ್ತಿರೋ ಮಾತು ಸಾಹೇಬ್ರೇ, ಬ್ಯಾಟರಿದಲ್ಲ. ಬ್ಯಾಟರಿ ನಿಜ ಹೇಳ್ಬೇಕಂದ್ರೆ ಇದನ್ನ ಕೀಳ್ಬೇಕು." ಗಡಿಯಾರ ಹತ್ತು ತೋರಿಸಿತು. ಕಿತ್ತೇಬಿಟ್ಟಳು!

ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದ ಹೆಂಗಸು. ಅವಳ ಸೀರೆಗಳಲ್ಲಿ ಆಸಿಡ್ಡಿನ ತೂತಿಲ್ಲದ ಒಂದೇ ಒಂದು ಸೆರಗಿಲ್ಲ. ನಿವೃತ್ತಳಾದ ಮೇಲೆ ಅಕ್ಕನ ಮಗನ ಈ ಪೆಟ್ಟಿಗೆಗೆ ಎಕ್ಸ್‌ಚೇಂಜಿನ ಆರು ಹಳೇ ಸೆಲ್ಲು ಜೋಡಿಸಿ ಬ್ಯಾಟರಿ ಮಾಡಿಕೊಟ್ಟಿದ್ದಳು. ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಹತ್ತಕ್ಕೆ ಪ್ಲಗ್ ಕೀಳುವುದು, ಸಂಜೆ ಆರಕ್ಕೆ ಹಾಕುವುದು. ಮಳೆ ಬರಲಿ, ಮದುವೆ ಇರಲಿ, ತಪ್ಪಿಸಿದವಳಲ್ಲ. ಅಷ್ಟು ಹೊತ್ತೂ ಯಾರಾದರೂ ಮಾತಾಡುತ್ತಲೇ ಇದ್ದು ಬ್ಯಾಟರಿಯನ್ನು ದುಡಿಸಬೇಕು. ಆ ಕೆಲಸ ಸಂಘದ ಸದಸ್ಯನಾದ ದರ್ಜಿಯದು. ಅವನಿಗೆ ಅದೇನು ಕಷ್ಟವಲ್ಲ ಬಿಡಿ.

"ಸರಿ, ನೋಡೇಬಿಡೋಣ," ಎಂದು ಅಧಿಕಾರಿ ಪೆನ್ನು ಮುಚ್ಚಿದರು. ಊರಿನ ಆ ತುದಿಯಿಂದ ದರ್ಜಿ ರೇಡಿಯೊದಲ್ಲಿ ಕಾಲರ್ ಕತ್ತರಿಸುವ ಬಗೆಯನ್ನು ವಿವರಿಸತೊಡಗಿದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕನ್ನಡಕದಂಗಡಿಯವನಿಗೆ ಹೋದ ಜೀವ ಬಂದಂತಾಯಿತು. ನಲವತ್ತನೆಯ ನಿಮಿಷಕ್ಕೆ ದರ್ಜಿಯ ದನಿ ತಡವರಿಸಿತು, ತುಂಡಾಯಿತು, ಕೊನೆಗೆ ಬರೀ ಗೊರ್ರ್ ಎಂದಿತು. ಮೀಟರಿನ ಮುಳ್ಳು ಹತ್ತಕ್ಕೆ ಬಂದು ಕುಳಿತಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

"ಮುಳುಗಿಸ್ಬಿಟ್ಟೆಯಲ್ಲ ಚಿಕ್ಕಮ್ಮ!"

"ಸುಮ್ನಿರೋ. ಬಿರುಗಾಳಿ ದಿನ ಸಾಯೋದು ಇವತ್ತು ಸತ್ತಿದೆ, ಸಂತೋಷಪಡು." ಅವಳು ಮಕ್ಕಳ ಜ್ವರ ನೋಡುವಂತೆ ಒಂದೊಂದೇ ಸೆಲ್ಲನ್ನು ಮುಟ್ಟುತ್ತ ಹೋದಳು. ನಾಲ್ಕನೆಯದರ ಮೇಲೆ ಕೈ ನಿಂತಿತು. "ಇವನೇ ಕಳ್ಳ." ಮೇಜಿನ ಕೆಳಗಿಂದ ಗೋಣಿಚೀಲ ಸರಿಸಿ ಇನ್ನೊಂದು ಸೆಲ್ಲು ಎಳೆದಳು. ಬಳಕೆಯಲ್ಲಿ ಇಲ್ಲದಿದ್ದರೂ ವಾರಕ್ಕೊಮ್ಮೆ ಚಾರ್ಜು ಮಾಡಿ ಅದನ್ನು ಸಾಕಿಕೊಂಡಿದ್ದಳು. ಪಾನಾ ಹಾಕಿ ನಟ್ಟು ಬಿಚ್ಚಿದಳು, ಕಳ್ಳನ ಜಾಗಕ್ಕೆ ಇದನ್ನಿಟ್ಟಳು, ಬಿಗಿದಳು. ಯಾರ ಮುಖವನ್ನೂ ನೋಡಲಿಲ್ಲ. ದನಿ ನಿಂತ ಹನ್ನೊಂದನೆಯ ನಿಮಿಷಕ್ಕೆ ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು.

"...ಅದಕ್ಕೇ ಹೇಳೋದು, ಕಾಲರ್ ಕೂತ್ರೆ ಅಂಗಿ ಕೂತ ಹಾಗೆ," ಎನ್ನುತ್ತಿದ್ದ ದರ್ಜಿ. ಪುಣ್ಯಾತ್ಮನಿಗೆ ನಡುವೆ ನಡೆದದ್ದೇ ಗೊತ್ತಿಲ್ಲ!

ಚಿಕ್ಕಮ್ಮ ಹೊಸ ಸೆಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಕೈ ಒರೆಸಿಕೊಂಡಳು. ಅಧಿಕಾರಿ ಬಗ್ಗಿ ಆ ತಾರೀಖನ್ನು ಓದಿದರು. ಕನ್ನಡಕದಂಗಡಿಯವನು ಅವರ ಮುಖ ನೋಡಲಾರದೆ ನೆಲ ನೋಡುತ್ತ ನಿಂತ.

"ನಾನು ಹೋದ ಕಡೆಯಲ್ಲೆಲ್ಲ ಮೀಟರ್ ತೋರಿಸ್ತಾರಮ್ಮ," ಎಂದರು ಅವರು, ಎದ್ದು ನಿಂತು. "ಕೆಟ್ಟದ್ದನ್ನ ನನ್ನ ಕಣ್ಣೆದುರಿಗೇ ಎಳೆದು ತೋರಿಸಿದವರು ನೀವೊಬ್ಬರೇ. ಕೋಣೆ ನಿಮ್ದು." ಕಾಗದಕ್ಕೆ ಸಹಿ ಬಿತ್ತು. ಕನ್ನಡಕದಂಗಡಿಯವನು ಚಿಕ್ಕಮ್ಮನ ಕಡೆ ತಿರುಗಿದ. ಇಷ್ಟು ವರ್ಷ ಚಿಕ್ಕಮ್ಮನ ಭಾನುವಾರಗಳನ್ನು ಹಟವೆಂದೇ ತಿಳಿದಿದ್ದನಲ್ಲ, ಅದಕ್ಕೆ ನಾಚಿಕೆಯಾಯಿತು.

ಬಾಗಿಲವರೆಗೆ ಹೋದ ಅಧಿಕಾರಿಗೆ ಅದೇನು ಹೊಳೆಯಿತೋ, ಸೊಂಟದ ವೈರ್‌ಲೆಸ್ ಕೈಗೆತ್ತಿಕೊಂಡು ಕೆಳಗಿನ ತಮ್ಮದೇ ಕಂಟ್ರೋಲ್ ರೂಮನ್ನು ಕರೆದರು.

"ಅಲ್ಲಿ ಮೇನ್ ಸ್ವಿಚ್ ಆಫ್ ಮಾಡು ನೋಡೋಣ."

"ಸಾರ್? ಬ್ಯಾಟರಿ ಮೀಟರ್ ಫುಲ್ ತೋರಿಸ್ತಿದೆ ಸಾರ್."

"ಗೊತ್ತಯ್ಯಾ. ಆಫ್ ಮಾಡು."

"ಆಯ್ತು ಸಾರ್, ಮಾಡ್ತಾ ಇದೀ..."

ಗೊರ್ರ್.

ಮೂವರೂ ಕಾದರು. ಆ ಕಡೆಯಿಂದ ದನಿ ಬರಲೇ ಇಲ್ಲ. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾನಾ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯತೊಡಗಿದಳು.

"ಬನ್ನಿ ಸಾಹೇಬ್ರೇ," ಎಂದಳು ತಿರುಗಿ ನೋಡದೆ, "ನಿಮ್ಮಲ್ಲೆಷ್ಟು ಸೆಲ್ಲು?"