ಹೋತದ ಒಪ್ಪಿಗೆ

ಮಗಳನ್ನು ಒಂದು ಮಾತೂ ಕೇಳದೆ ಮದುವೆ ಗೊತ್ತುಮಾಡಿದ ಸಣ್ಣೇಗೌಡರು, ಹರಕೆ ತೀರಿಸಲು ಊರಮ್ಮನ ಗುಡಿಗೆ ಹೋತ ಹಿಡಿದುಕೊಂಡು ಬಂದಿದ್ದರು. ತಲೆಯ ಮೇಲೆ ನೀರು ಹೊಯ್ದಾಗ ಹೋತ ಮೈ ಒದರಿದರೆ ಅದು ಒಪ್ಪಿದಂತೆ. ಮಚ್ಚು ಎತ್ತುವುದು ಆಮೇಲೆಯೇ.

ಮೂರು ಚೊಂಬು ಸುರಿದರೂ ಅದು ಕಲ್ಲಿನಂತೆ ನಿಂತಿತ್ತು.

"ಸುಮ್ನೆ ಕಡಿದುಬುಡವ ಗೌಡ್ರೆ, ಬೀಗ್ರು ಊಟಕ್ಕೆ ಕಾಯ್ತಾವ್ರೆ," ಎಂದ ಪೂಜಾರಿ.

"ಬಾಯಿಲ್ಲದ ಜೀವ ಅಂತ ಬಲವಂತ ಮಾಡಕ್ಕಾಯ್ತದಾ? ಒಪ್ಪದೆ ಇದ್ರೆ ಬುಟ್ಟುಬುಡೋದೇ ಧರ್ಮ," ಎಂದು ಗೌಡರು ಹಗ್ಗ ಬಿಚ್ಚಿದರು. ತಮ್ಮ ನ್ಯಾಯಕ್ಕೆ ತಾವೇ ತಲೆದೂಗಿದರು.

ಅಷ್ಟುಹೊತ್ತೂ ಕಂಬಕ್ಕೊರಗಿ ನೋಡುತ್ತಿದ್ದ ಮಗಳು ಚಿಕ್ಕತಾಯಿ ಚೊಂಬು ತುಂಬಿಸಿಕೊಂಡು ಬಂದು, ಅಪ್ಪನ ಎದುರಿಗೇ ತನ್ನ ತಲೆಯ ಮೇಲೆ ಸುರಿದುಕೊಂಡು, ಅಲುಗದೆ ನಿಂತಳು.