ಈ ವಾರದ ಸಾಕ್ಷಿ

“ಈ ವಾರ ದೇವರು ಏನೂ ಮಾಡಲಿಲ್ಲ,” ಅಂದಳು ಟೈಲರಮ್ಮ, ಮೈಕು ಹಿಡಿದು.

ಭಾನುವಾರದ ಆರಾಧನೆಯಲ್ಲಿ ಅದು ಸಾಕ್ಷಿ ಹೇಳುವ ಹೊತ್ತು. ಒಬ್ಬೊಬ್ಬರೇ ಎದ್ದು, ಆ ವಾರ ದೇವರು ತಮಗೆ ಮಾಡಿದ್ದನ್ನು ಹೇಳಿ ‘ಸ್ತೋತ್ರ’ ಅನ್ನಬೇಕು. ಉಳಿದವರು ‘ಆಮೆನ್’ ಅನ್ನಬೇಕು. ಸಭೆಯ ಹಿರಿಯರು ಅದನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಅವಳಿಗಿಂತ ಮುಂಚೆ ಒಬ್ಬರಿಗೆ ಜ್ವರ ಬಿಟ್ಟಿತ್ತು, ಇನ್ನೊಬ್ಬರಿಗೆ ಕಳೆದುಹೋದ ಬೀಗದ ಕೈ ಸಿಕ್ಕಿತ್ತು. ಎರಡಕ್ಕೂ ಆಮೆನ್ ಬಿದ್ದಿತ್ತು. ಇದಕ್ಕೆ ಬೀಳಲಿಲ್ಲ.

“ಸ್ತೋತ್ರ ಹೇಳಿ ಕೂತ್ಕೊ ತಂಗೀ,” ಎಂದು ಹಿರಿಯರು ಮೈಕಿಗೆ ಕೈ ಚಾಚಿದರು.

“ಇನ್ನೂ ಮುಗಿದಿಲ್ಲ ಅಣ್ಣ. ಬೀಗದ ಕೈಗೆ ಐದು ನಿಮಿಷ ಕೊಟ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ವಿಷಯ ಇಷ್ಟು. ಅವಳ ಗಂಡ ವೆಲ್ಡರ್. ಹದಿನಾರು ವರ್ಷದಿಂದ ಇದೇ ಹಿರಿಯರ ವರ್ಕ್‌ಶಾಪಿನಲ್ಲಿ ಕೆಲಸ. ಮೂರು ತಿಂಗಳಿಂದ ಕಣ್ಣು ಮಂಜಾಗುತ್ತ ಬಂದು, ಕೆಲಸ ಬಿಟ್ಟು ಆಸ್ಪತ್ರೆಗೆ ಅಲೆಯುತ್ತಿದ್ದ. ಹೋದ ಭಾನುವಾರ ಸಭೆಯೆಲ್ಲ ಎದ್ದು ನಿಂತು ಅವನಿಗಾಗಿ ಪ್ರಾರ್ಥಿಸಿತು. ಹಿರಿಯರು ಅವನ ತಲೆಯ ಮೇಲಿಂದ ಕೈ ತೆಗೆದು “ಏನು ಕಾಣುತ್ತೆ?” ಅಂದರು. “ಬೆಳಕು ಕಾಣುತ್ತೆ,” ಅಂದ. ಅಷ್ಟು ಸಾಕಾಯಿತು. ಹಿರಿಯರು ಕಣ್ಣಲ್ಲಿ ನೀರು ತುಂಬಿಕೊಂಡು “ಕಣ್ಣು ಬಂತು!” ಎಂದು ಕೂಗಿದರು, ನೋಟ್‌ಬುಕ್ಕಿನಲ್ಲಿ ಬರೆದೇಬಿಟ್ಟರು. ಚಪ್ಪಾಳೆ ಬಿತ್ತು. ಅಷ್ಟು ಜನರೆದುರು ‘ಇಲ್ಲ’ ಅನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಸೋಮವಾರ ಆಸ್ಪತ್ರೆಗೆ ಹೋಗುವ ಬದಲು ಕೆಲಸಕ್ಕೆ ಹೋದ.

“ಬುಧವಾರ ಇವರು ಒಂದು ಗೇಟು ಮಾಡಿದ್ರು,” ಟೈಲರಮ್ಮ ಮುಂದುವರಿಸಿದಳು. “ಒಂದು ಕಡೆ ಹಿಂಜಸ್ ಕೂರಿಸಿದ್ರು. ಊಟ ಮಾಡಿ ಬಂದು, ಅದು ಕಾಣದೆ, ಇನ್ನೊಂದು ಕಡೆಗೂ ಕೂರಿಸಿದ್ರು. ಎರಡೂ ಕಡೆ ಹಿಂಜಸ್ ಇರೋ ಗೇಟು ಹೇಗೆ ತೆರೆಯುತ್ತೆ ಅಣ್ಣ? ಶುಕ್ರವಾರ ಎರಡು ಬೆರಳು ಸುಟ್ಕೊಂಡು ಬಂದ್ರು. ನಾಳೆ ಕಬ್ಬಿಣ ಕತ್ತರಿಸೋ ಮಷೀನಿಗೆ ನಿಲ್ಲಿಸ್ತೀರಂತೆ.”

“ಅದು ನಂಬಿಕೆಗೆ ಬಂದ ಪರೀಕ್ಷೆ ತಂಗೀ. ಬಾಯಲ್ಲಿ ಅನುಮಾನ ಬಂದ್ರೆ ಬಂದ ಆಶೀರ್ವಾದಾನೂ ಹೋಗುತ್ತೆ.”

“ಹೋಗೋಕೆ ಬಂದಿದ್ರೆ ತಾನೆ?”

ಅವಳು ಹಿರಿಯರಿಗೆ ಬೆನ್ನು ಮಾಡಿ ಗೋಡೆಯ ಮೇಲಿನ ಮರದ ಶಿಲುಬೆಯ ಕಡೆ ತಿರುಗಿದಳು. ಅಡುಗೆಮನೆಯಲ್ಲಿ ನಿಂತು ಪಕ್ಕದ ಕೋಣೆಯಲ್ಲಿರುವವರನ್ನು ಕೇಳುವ ಹಾಗೆ ಕೇಳಿದಳು.

“ಸ್ವಾಮಿ, ಮೂರು ತಿಂಗಳಿಂದ ದಿನಾ ಕೇಳ್ತಿದ್ದೀನಿ. ಈ ಕಣ್ಣಿನ ವಿಷಯ ಏನು ಮಾಡ್ಬೇಕು ಅಂತಿದ್ದೀಯ? ಕೊಡ್ತೀಯೋ ಇಲ್ವೋ? ಇಲ್ಲ ಅಂದ್ರೂ ಹೇಳು, ನಾನು ಎಲ್ಲಿಗೂ ಹೋಗಲ್ಲ. ಆದ್ರೆ ನೀನು ಮಾಡದೇ ಇರೋದನ್ನ ಮಾಡಿದ್ದೀಯ ಅಂತ ನಿನ್ನ ಮನೇಲೇ ನಿಂತು ಹೇಳೋಕೆ ನನ್ನ ಕೈಲಿ ಆಗಲ್ಲ. ಸ್ತೋತ್ರ.”

“ಆಮೆನ್,” ಅಂತ ಒಂದೇ ಒಂದು ದನಿ ಬಂತು. ಅವಳ ಗಂಡನದು. ಹೆಂಡತಿ ನಿಂತಿದ್ದು ಬಲಕ್ಕೆ. ಅವನು ಮುಖ ಮಾಡಿದ್ದು ಎಡಗಡೆಯ ಕಿಟಕಿಗೆ.

ಹಿರಿಯರು ಅವನನ್ನೇ ನೋಡುತ್ತ ನಿಂತರು. “ಹಾಗಾದ್ರೆ ಅವತ್ತು ಬೆಳಕು ಅಂದ್ಯಲ್ಲೋ?”

“ಟ್ಯೂಬ್‌ಲೈಟು ಅಣ್ಣ. ನೀವು ಅದರ ಕೆಳಗೇ ನಿಲ್ಲಿಸಿದ್ರಿ.”



ಆರಾಧನೆ ಮುಗಿಯಿತು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರೂ ಹಿರಿಯರು ನೋಟ್‌ಬುಕ್ ಮುಂದಿಟ್ಟುಕೊಂಡು ಕೂತೇ ಇದ್ದರು. ಟೈಲರಮ್ಮ ಗಂಡನ ತೋಳು ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು.

“ಹೋದ ವಾರದ್ದು ಹೊಡೆದು ಹಾಕಿ ಅಣ್ಣ.”

“ಇಷ್ಟು ವರ್ಷದಲ್ಲಿ ಇದರಲ್ಲಿ ಒಂದು ಸಾಲು ಹೊಡೆದಿಲ್ಲಮ್ಮ ನಾನು. ದೇವರ ಕೆಲಸ ಬರೆದಿರೋ ಪುಸ್ತಕ ಇದು.”

“ದೇವರ ಕೆಲಸ ಹೊಡೀರಿ ಅಂತ ನಾನೆಲ್ಲಿ ಹೇಳ್ದೆ? ಅದೊಂದು ಸಾಲು ನಿಮ್ಮದು.”

ಹಿರಿಯರು ಜೇಬಿನಿಂದ ವರ್ಕ್‌ಶಾಪಿನ ಉಕ್ಕಿನ ಅಳತೆಪಟ್ಟಿ ತೆಗೆದು, ಆ ಸಾಲಿನ ಮೇಲಿಟ್ಟು, ನೇರವಾಗಿ ಗೆರೆ ಎಳೆದರು.

“ನಾಳೆ ಇವನು ಮಷೀನ್ ಹತ್ರ ಬರೋದು ಬೇಡ,” ಅಂದರು ತಲೆಯೆತ್ತದೆ. “ಹತ್ತು ಗಂಟೆಗೆ ರೆಡಿ ಇರ್ಲಿ. ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ.” ಪೆನ್ನು ಎತ್ತಿ ಹಿಡಿದು ಮತ್ತೆ ಕೇಳಿದರು, “ಇವತ್ತಿನದು ಏನಂತ ಬರೀಲಿ? ದೇವರು ಏನೂ ಮಾಡಲಿಲ್ಲ ಅಂತಾನಾ?”

“ಹಾಗೇ ಬರೀರಿ. ನಾವು ಕೇಳಿದ್ದೀವಿ ಅಂತಾನೂ ಬರೀರಿ. ಆಮೇಲೆ ಉತ್ತರಕ್ಕೆ ಅಂತ ಕೆಳಗೆ ಒಂದಿಷ್ಟು ಜಾಗ ಬಿಡಿ.”

“ಎಷ್ಟು ಬಿಡ್ಲಿ?”

ಟೈಲರಮ್ಮ ಬಗ್ಗಿ, ಬೆಳೆಯುವ ಮಕ್ಕಳ ಬಟ್ಟೆಗೆ ಒಳಮಡಿಕೆ ಬಿಡುವ ಲೆಕ್ಕದಲ್ಲಿ, ಪುಟದ ಮೇಲೆ ನಾಲ್ಕು ಬೆರಳು ಅಗಲವಾಗಿ ಇಟ್ಟು ತೋರಿಸಿದಳು.